ಅಪ್‌ಡೇಟ್ ಆಗ್ತಿಲ್ಲ ಅಂದರೆ, ಎಲ್ಲಿಗೆ ಬಂದು ನಿಲ್ಲುತ್ತಿದೆ ಅಂತ ಮೊದಲು ನೋಡಿ

ಆಫೀಸಿನ ಸಿಸ್ಟಮ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ‘ವಿಂಡೋಸ್ ಹೊಸ ವರ್ಶನ್‌ಗೆ ಹೋಗ್ತಿಲ್ಲ’ ಅನ್ನುವ ದೂರು ವರ್ಷವಿಡೀ ಇದ್ದದ್ದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿದ ಮೇಲಂತೂ ಇನ್ನೂ ಜಾಸ್ತಿಯಾಗಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಇಂಟರ್‌ನೆಟ್‌ನಲ್ಲಿ ಸಿಕ್ಕ ಕಮಾಂಡ್‌ಗಳನ್ನೆಲ್ಲ ಒಂದಾದ ಮೇಲೊಂದು ಓಡಿಸುತ್ತಾರೆ. ಅಪ್‌ಡೇಟ್ ಫೋಲ್ಡರ್ ಅಳಿಸುತ್ತಾರೆ, ಡಿಸ್ಕ್ ಕ್ಲೀನಪ್ ಮಾಡುತ್ತಾರೆ, ಸರ್ವೀಸ್‌ಗಳನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತಾರೆ. ಕೆಲವು ಸಲ ಕೆಲಸ ಆಗಿಯೂ ಬಿಡುತ್ತದೆ. ಆಗದಿದ್ದಾಗ ಮಾತ್ರ ಕಷ್ಟ. ಆ ಅಪ್‌ಡೇಟ್ ಫೋಲ್ಡರ್, ಅಂದರೆ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರ್ ಅಳಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಅಪ್‌ಡೇಟ್ ಹಿಸ್ಟರಿ ಹೋಗುತ್ತದೆ. ತಾತ್ಕಾಲಿಕ ಇನ್‌ಸ್ಟಾಲ್ ಫೈಲ್‌ಗಳನ್ನು ಕ್ಲೀನ್ ಮಾಡಿದರೆ ಅದರ ಜೊತೆ ಲಾಗ್ ಫೈಲ್‌ಗಳೂ ಹೋಗುತ್ತವೆ. ಏನಾಯಿತು ಅಂತ ಹೇಳಬೇಕಾಗಿದ್ದ ಸಾಕ್ಷಿಯೇ ಇಲ್ಲದ ಮೇಲೆ ಹುಡುಕುವುದು ಎಲ್ಲಿ?

ಹಾಗಾಗಿ ನಾನು ಮೊದಲು ಯಾವುದನ್ನೂ ಮುಟ್ಟುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ? ಹೊಸ ವರ್ಶನ್ ಪಟ್ಟಿಯಲ್ಲಿ ಕಾಣಿಸುತ್ತಲೇ ಇಲ್ಲವಾ? ಕಾಣಿಸಿ ಡೌನ್‌ಲೋಡ್‌ನಲ್ಲಿ ಸಿಕ್ಕಿಕೊಂಡಿದೆಯಾ? ಇನ್‌ಸ್ಟಾಲ್ ಶುರುವಾಗಿ ಎರರ್ ಕೊಟ್ಟಿತಾ? ಅಥವಾ ರೀಸ್ಟಾರ್ಟ್ ಆಗಿ, ಅರ್ಧ ದಾರಿ ಹೋಗಿ, ಮಾಡಿದ್ದೆಲ್ಲ ರದ್ದು ಮಾಡಿ ಹಳೆಯದಕ್ಕೇ ವಾಪಸ್ ಬಂತಾ? ದೂರು ಹೇಳುವವರಿಗೆ ಇವೆಲ್ಲ ‘ಆಗ್ತಿಲ್ಲ’ ಅಷ್ಟೇ. ಆದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಪಟ್ಟಿಯಲ್ಲೇ ಕಾಣಿಸದಿದ್ದರೆ ರಿಪೇರಿ ಕಮಾಂಡ್‌ಗಳಿಂದ ಏನೂ ಉಪಯೋಗವಿಲ್ಲ. ಏಕೆಂದರೆ ಅಲ್ಲಿ ಏನೂ ಕೆಟ್ಟಿರುವುದಿಲ್ಲ, ಯಾವುದೋ ಒಂದು ನಿಯಮ ತಡೆದಿರುತ್ತದೆ. ಆಫೀಸ್ ಸಿಸ್ಟಮ್‌ಗಳಲ್ಲಿ ಜಾಸ್ತಿ ಸಿಗುವುದು ಹಳೆಯ ಪಾಲಿಸಿ. ‘ಟಾರ್ಗೆಟ್ ರಿಲೀಸ್ ವರ್ಶನ್’ ಅನ್ನುವ ಸೆಟ್ಟಿಂಗ್ ಒಂದಿದೆ. ಸಿಸ್ಟಮ್ ಇಂಥ ವರ್ಶನ್‌ನಲ್ಲೇ ಇರಲಿ ಅಂತ ಕಟ್ಟಿಹಾಕುವುದು ಅದರ ಕೆಲಸ. ಯಾರೋ ಯಾವಾಗಲೋ ಒಳ್ಳೆಯ ಕಾರಣಕ್ಕೇ ಹಾಕಿರುತ್ತಾರೆ. ಅವರು ಕೆಲಸ ಬಿಟ್ಟು ಹೋದರೂ ಅದು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗದಲ್ಲಿ, ಉಳಿದಿರುತ್ತದೆ. ಅಪ್‌ಡೇಟ್ ಪುಟದಲ್ಲಿ ‘ಕೆಲವು ಸೆಟ್ಟಿಂಗ್‌ಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಅನ್ನುವ ಸಾಲು ಕಂಡರೆ ನಾನು ಮೊದಲು ಅಲ್ಲಿಗೇ ಹೋಗುತ್ತೇನೆ.

ಇನ್ನೊಂದು ತಡೆ ಮೈಕ್ರೋಸಾಫ್ಟ್ ಕಡೆಯಿಂದಲೇ ಬರುತ್ತದೆ. ಯಾವುದೋ ಡ್ರೈವರ್ (ಒಂದು ಡಿವೈಸನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್) ಅಥವಾ ಪ್ರೋಗ್ರಾಮ್ ಹೊಸ ವರ್ಶನ್‌ನಲ್ಲಿ ತೊಂದರೆ ಕೊಡುತ್ತದೆ ಅಂತ ಗೊತ್ತಾದರೆ, ಅದು ಇರುವ ಸಿಸ್ಟಮ್‌ಗಳಿಗೆ ಅಪ್‌ಡೇಟ್ ಕೊಡುವುದನ್ನು ಅವರೇ ಸದ್ಯಕ್ಕೆ ನಿಲ್ಲಿಸುತ್ತಾರೆ. ಇದಕ್ಕೆ ಸೇಫ್‌ಗಾರ್ಡ್ ಹೋಲ್ಡ್ ಅಂತ ಹೆಸರು. ಇಂಥ ಸಿಸ್ಟಮ್‌ಗೆ ಐಎಸ್‌ಒ ಫೈಲ್ (ಪೂರ್ತಿ ವಿಂಡೋಸ್ ಇನ್‌ಸ್ಟಾಲರ್ ಇರುವ ಫೈಲ್) ತಂದು ಬಲವಂತವಾಗಿ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಆ ತಡೆ ಇರುವುದು ನಿಮ್ಮ ಒಳ್ಳೆಯದಕ್ಕೇ. ಕಾಯಿರಿ, ಇಲ್ಲವೇ ಆ ಡ್ರೈವರ್‌ನ ಹೊಸ ವರ್ಶನ್ ಹಾಕಿ.

ಡೌನ್‌ಲೋಡ್ ನಿಂತಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಡಿಯಾರ ಸರಿ ಇದೆಯಾ, ಕನೆಕ್ಷನ್ ಮೀಟರ್ಡ್ (ಡೇಟಾ ಮಿತಿ ಇರುವುದು) ಅಂತ ಗುರುತಾಗಿದೆಯಾ, ಪ್ರಾಕ್ಸಿ (ಆಫೀಸಿಗೂ ಇಂಟರ್‌ನೆಟ್‌ಗೂ ನಡುವೆ ಕೂತಿರುವ ಸರ್ವರ್) ಅಡ್ಡ ಬರುತ್ತಿದೆಯಾ ಅಂತ ನೋಡಿದರೆ ಬಹುಪಾಲು ಮುಗಿಯಿತು. ಗಡಿಯಾರವನ್ನು ಸುಮ್ನೆ ಹೇಳಿದ್ದಲ್ಲ. ತಾರೀಖು ತಪ್ಪಿದ್ದರೆ ಸರ್ವರ್‌ನ ಗುರುತು ಹೇಳುವ ಸರ್ಟಿಫಿಕೇಟ್‌ಗಳು ಹೊಂದುವುದಿಲ್ಲ, ಸಿಸ್ಟಮ್ ಸರ್ವರ್ ಅನ್ನೇ ನಂಬುವುದಿಲ್ಲ. ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತ ಹಳೆಯ ಸಿಸ್ಟಮ್‌ಗಳಲ್ಲಿ ಇದು ಮಾಮೂಲಿ.

ಇನ್ನು ಎರರ್ ಕೋಡ್‌ಗಳ ವಿಷಯ. ನೋಡಿದವರಿಗೆ ಅರ್ಥವಿಲ್ಲದ ಅಂಕಿಗಳ ಸಾಲು. ಆದರೆ ಓದುವುದು ಅಷ್ಟೇನೂ ಕಷ್ಟವಲ್ಲ. ಮೊದಲಿನ ಝೀರೋ ಎಕ್ಸ್ ಬಿಟ್ಟು ನೋಡಿ. ಕೋಡ್ 8007ರಿಂದ ಶುರುವಾದರೆ ಅದು ವಿಂಡೋಸ್‌ನ ಸಾಮಾನ್ಯ ಎರರ್, ಕೊನೆಯ ನಾಲ್ಕು ಅಂಕಿಯಲ್ಲಿ ವಿಷಯ ಇರುತ್ತದೆ. ಉದಾಹರಣೆಗೆ 80070070. ಕೊನೆಯ 0070 ಹೆಕ್ಸಾಡೆಸಿಮಲ್, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆದ ಸಂಖ್ಯೆ. ಕ್ಯಾಲ್ಕುಲೇಟರ್‌ನ ಪ್ರೋಗ್ರಾಮರ್ ಮೋಡ್‌ನಲ್ಲಿ ಬದಲಾಯಿಸಿದರೆ 112 ಬರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಹೆಲ್ಪ್‌ಎಂಎಸ್‌ಜಿ 112’ (net helpmsg 112) ಅಂತ ಕೊಟ್ಟರೆ ವಿಂಡೋಸೇ ಬಾಯಿಬಿಟ್ಟು ಹೇಳುತ್ತದೆ: ಡಿಸ್ಕ್‌ನಲ್ಲಿ ಜಾಗ ಸಾಲದು. ಅದೇ ರೀತಿ ಕೊನೆಯಲ್ಲಿ 0005 ಇದ್ದರೆ ಅನುಮತಿ ಸಿಗಲಿಲ್ಲ ಅಂತ, 0002 ಇದ್ದರೆ ಫೈಲ್ ಸಿಗಲಿಲ್ಲ ಅಂತ ಅರ್ಥ. ಈ ಒಂದು ಉಪಾಯ ಗೊತ್ತಿದ್ದರೆ ಎಷ್ಟೋ ಹುಡುಕಾಟ ಉಳಿಯುತ್ತದೆ.

ಕೋಡ್ ಹೇಳಿದ್ದೇ ಪೂರ್ತಿ ನಿಜ ಅಂತಲೂ ಅಲ್ಲ. 2024ರ ಜನವರಿಯಲ್ಲಿ ವಿಂಡೋಸ್‌ನ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂತು, ನಂಬರ್ ಕೆಬಿ5034441. ಎಷ್ಟೋ ಸಿಸ್ಟಮ್‌ಗಳಲ್ಲಿ ಅದು 80070643 ಅಂತ ಹೇಳಿ ನಿಂತುಹೋಯಿತು. ಆ ಕೋಡ್‌ನ ಅರ್ಥ ‘ಇನ್‌ಸ್ಟಾಲ್ ವಿಫಲ’ ಅಷ್ಟೇ. ನಿಜವಾದ ಕಾರಣ ರಿಕವರಿ ಪಾರ್ಟಿಶನ್, ಅಂದರೆ ವಿಂಡೋಸ್ ಕೆಟ್ಟಾಗ ಸರಿಮಾಡುವ ಟೂಲ್‌ಗಳಿಗೆ ಡಿಸ್ಕ್‌ನಲ್ಲಿ ಬೇರೆಯಾಗಿ ಇಟ್ಟ ಭಾಗ. ಆ ಅಪ್‌ಡೇಟ್‌ಗೆ ಅಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಹೆಚ್ಚಿನ ಕಡೆ ಇರಲಿಲ್ಲ. ಸಿ ಡ್ರೈವ್‌ನಲ್ಲಿ ಬೇಕಾದಷ್ಟು ಜಾಗ ಇದೆಯಲ್ಲ ಅಂತ ಎಲ್ಲರಿಗೂ ಗೊಂದಲ. ಪಾರ್ಟಿಶನ್ ದೊಡ್ಡದು ಮಾಡಿದ ಕೂಡಲೇ ಅಪ್‌ಡೇಟ್ ಕೂತುಕೊಂಡಿತು.

ನನಗೆ ಅತಿ ಹೆಚ್ಚು ಕೆಲಸ ಕೊಡುವುದು ವಾಪಸ್ ಬರುವ ಸಿಸ್ಟಮ್‌ಗಳು. ಒಂದನ್ನು ವಿವರವಾಗಿ ಹೇಳುತ್ತೇನೆ. ಅಕೌಂಟ್ಸ್ ವಿಭಾಗದ ಒಂದು ಸಿಸ್ಟಮ್. ಡೌನ್‌ಲೋಡ್ ಸರಿಯಾಗಿ ಆಗುತ್ತಿತ್ತು, ರೀಸ್ಟಾರ್ಟ್ ಆಗುತ್ತಿತ್ತು, ಪರ್ಸೆಂಟ್ ಏರುತ್ತಿತ್ತು. ಅರ್ಧಕ್ಕೂ ಮೇಲೆ ಹೋದ ಮೇಲೆ ಮತ್ತೆ ಹಳೆಯ ವಿಂಡೋಸ್. ನಾನು ಹೋಗುವಷ್ಟರಲ್ಲಿ ಮಾಮೂಲಿ ಉಪಾಯಗಳನ್ನೆಲ್ಲ ಮಾಡಿದ್ದರು. ಹೊಸದಾಗಿ ಒಂದು ಸಲ ಓಡಿಸಿ, ಕೋಡ್ ಬರುವವರೆಗೆ ಕೂತೆ. ಸಿ1900101, ಡ್ಯಾಶ್, ಅದರ ಮುಂದೆ 30018.

ಇಲ್ಲಿ ಮೊದಲ ಭಾಗ ಹೇಳುವುದು ಅಪ್‌ಗ್ರೇಡ್ ಬಿದ್ದು ವಾಪಸ್ ಬಂತು ಅಂತ. ಇದರ ಹಿಂದೆ ಹೆಚ್ಚಾಗಿ ಡ್ರೈವರ್ ಇರುತ್ತದೆ. ಎರಡನೇ ಭಾಗದ ಮೊದಲ ಅಂಕಿ ಯಾವ ಹಂತದಲ್ಲಿ ಬಿತ್ತು ಅಂತ ಹೇಳುತ್ತದೆ. 1 ಅಂದರೆ ಇನ್ನೂ ಹಳೆಯ ವಿಂಡೋಸ್ ಒಳಗೇ ತಯಾರಿ ನಡೆಯುತ್ತಿದೆ. 2 ಅಂದರೆ ಸೇಫ್ ಓಎಸ್ ಅನ್ನುವ ಪುಟ್ಟ ಸಿಸ್ಟಮ್‌ಗೆ ಬೂಟ್ ಆಗಿದೆ. 3 ಅಂದರೆ ಹೊಸ ವಿಂಡೋಸ್‌ನ ಮೊದಲ ಬೂಟ್. 4 ಎರಡನೇ ಬೂಟ್. ನಮಗೆ ಸಿಕ್ಕಿದ್ದು 3. ಅಂದರೆ ಫೈಲ್‌ಗಳೆಲ್ಲ ಸರಿಯಾಗಿ ಇಳಿದಿವೆ, ಹೊಸ ವಿಂಡೋಸ್ ಎದ್ದೂ ನಿಂತಿದೆ, ಡಿವೈಸ್‌ಗಳನ್ನು ಹೊಂದಿಸಿಕೊಳ್ಳುವಾಗ ಯಾವುದೋ ಒಂದು ಕೈಕೊಟ್ಟಿದೆ. ಹೀಗಿರುವಾಗ ಹಳೆಯ ವಿಂಡೋಸ್‌ನ ಫೈಲ್ ರಿಪೇರಿ ಮಾಡುತ್ತಾ ಕೂತರೆ ಏನು ಬಂತು?

ಸಿ ಡ್ರೈವ್‌ನಲ್ಲಿ ಡಾಲರ್ ಗುರುತಿನಿಂದ ಶುರುವಾಗುವ ಒಂದು ಹಿಡನ್ ಫೋಲ್ಡರ್ ಇರುತ್ತದೆ, ಹೆಸರಿನ ಕೊನೆಯಲ್ಲಿ ಬಿಟಿ ಅಂತ ಇರುತ್ತದೆ. ಅದರೊಳಗೆ ಸೋರ್ಸಸ್, ಅದರೊಳಗೆ ಪ್ಯಾಂಥರ್ ಮತ್ತು ರೋಲ್‌ಬ್ಯಾಕ್. ಅಲ್ಲಿರುವ ಲಾಗ್ ಫೈಲ್ ಬಹಳ ದೊಡ್ಡದು, ಮೇಲಿನಿಂದ ಓದುತ್ತಾ ಹೋದರೆ ಮುಗಿಯುವುದಿಲ್ಲ. ತೀರಾ ಕೊನೆಯ ಸಾಲುಗಳು ಸುಮ್ನೆ ಬಾಗಿಲು ಮುಚ್ಚುವ ಸಾಲುಗಳು. ಕೆಳಗಿನಿಂದ ಮೇಲಕ್ಕೆ ಕೋಡ್ ಹುಡುಕುತ್ತಾ ಬರಬೇಕು, ಸಿಕ್ಕ ಮೇಲೆ ಅದರ ಹಿಂದಿನ ಸಾಲುಗಳನ್ನು ನಿಧಾನವಾಗಿ ಓದಬೇಕು. ಡ್ರೈವರ್‌ಗಳ ಲಾಗ್‌ನಲ್ಲಿ ಆ ಹೊತ್ತಿಗೆ ಒಂದು ವಿಪಿಎನ್ ಅಡಾಪ್ಟರ್‌ನ ಡ್ರೈವರ್ ಹೆಸರು ಬಂದು, ಅಲ್ಲಿಂದ ಮುಂದೆ ಮಾತೇ ಇರಲಿಲ್ಲ.

ತಮಾಷೆ ಅಲ್ಲ, ಆ ವಿಪಿಎನ್ ಪ್ರೋಗ್ರಾಮ್ ಆ ಸಿಸ್ಟಮ್‌ನಲ್ಲಿ ಇರಲೇ ಇಲ್ಲ. ಯಾವಾಗಲೋ ಅನ್‌ಇನ್‌ಸ್ಟಾಲ್ ಆಗಿತ್ತು. ಡ್ರೈವರ್ ಮಾತ್ರ ವಿಂಡೋಸ್ ಡ್ರೈವರ್‌ಗಳನ್ನು ಕೂಡಿಡುವ ಡ್ರೈವರ್ ಸ್ಟೋರ್‌ನಲ್ಲಿ ಉಳಿದಿತ್ತು. ಅಪ್‌ಗ್ರೇಡ್ ಮಾಡುವಾಗ ವಿಂಡೋಸ್ ಅದನ್ನೂ ಜೋಪಾನವಾಗಿ ಹೊಸ ಮನೆಗೆ ಹೊತ್ತುಕೊಂಡು ಹೋಗುತ್ತಿತ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಹಿಡನ್ ಡಿವೈಸ್‌ಗಳನ್ನು ತೋರಿಸು ಅಂದಾಗ ಮಸುಕಾಗಿ ಕಂಡಿತು. ಅಲ್ಲಿಂದ ತೆಗೆದು, ಪಿಎನ್‌ಪಿ ಯುಟಿಲ್ ಕಮಾಂಡ್‌ನಿಂದ ಸ್ಟೋರ್‌ನಲ್ಲಿದ್ದ ಪ್ಯಾಕೇಜನ್ನೂ ಅಳಿಸಿದೆ. ಮುಂದಿನ ಸಲ ಅಪ್‌ಗ್ರೇಡ್ ನೇರವಾಗಿ ಹೋಯಿತು. ಲಾಗ್ ಓದಲು ಬೇಜಾರಾದರೆ ಮೈಕ್ರೋಸಾಫ್ಟ್‌ನದೇ ಸೆಟಪ್‌ಡಯಾಗ್ ಅನ್ನುವ ಟೂಲ್ ಇದೆ, ಲಾಗ್ ಜಾಲಾಡಿ ಕಾರಣ ಹೇಳುತ್ತದೆ. ನಾನು ಅದನ್ನೂ ಓಡಿಸುತ್ತೇನೆ, ಆದರೂ ಲಾಗ್ ಮೇಲೆ ಒಮ್ಮೆ ಕಣ್ಣಾಡಿಸದೆ ಬಿಡುವುದಿಲ್ಲ.

ಹಾಗಂತ ರಿಪೇರಿ ಕಮಾಂಡ್‌ಗಳನ್ನು ನಾನು ದೂರುತ್ತಿಲ್ಲ. ಕೋಡ್ 80073712 ಬಂದರೆ ವಿಂಡೋಸ್ ತನ್ನ ಸಿಸ್ಟಮ್ ಫೈಲ್‌ಗಳ ಪ್ರತಿಗಳನ್ನು ಇಡುವ ಕಾಂಪೊನೆಂಟ್ ಸ್ಟೋರೇ ಹಾಳಾಗಿದೆ ಅಂತ ಅರ್ಥ, ಅದಕ್ಕೆ ಆ ಸ್ಟೋರನ್ನು ರಿಪೇರಿ ಮಾಡುವ ಡಿಸ್ಮ್ (DISM) ಕಮಾಂಡ್ ಸರಿಯಾದ ಮದ್ದು. ಮೊದಲು ಡಿಸ್ಮ್, ಆಮೇಲೆ ಕೆಟ್ಟ ಸಿಸ್ಟಮ್ ಫೈಲ್‌ಗಳನ್ನು ಸರಿಮಾಡುವ ಎಸ್‌ಎಫ್‌ಸಿ (SFC). ಏಕೆಂದರೆ ಎಸ್‌ಎಫ್‌ಸಿ ಒಳ್ಳೆಯ ಫೈಲ್‌ಗಳನ್ನು ತೆಗೆದುಕೊಳ್ಳುವುದೇ ಆ ಸ್ಟೋರ್‌ನಿಂದ. ಸ್ಟೋರ್ ಕೆಟ್ಟಿದ್ದರೆ ಅದು ತರುವುದಾದರೂ ಎಲ್ಲಿಂದ?

ವಿಂಡೋಸ್ ಬದಲು ಉಬುಂಟು ಅನ್ನುವ ಲಿನಕ್ಸ್ ಇರುವ ಸಿಸ್ಟಮ್‌ಗಳಲ್ಲೂ ನಾನು ಇದೇ ಪ್ರಶ್ನೆ ಕೇಳುತ್ತೇನೆ. ಅಲ್ಲಿ ಬೂಟ್ ಪಾರ್ಟಿಶನ್ ಬೇರೆ ಇದ್ದರೆ ಹಳೆಯ ಕರ್ನಲ್‌ಗಳಿಂದ (ಲಿನಕ್ಸ್‌ನ ತಿರುಳು ಭಾಗದ ಹಳೆಯ ವರ್ಶನ್‌ಗಳು) ತುಂಬಿ ನಿಂತಿರುತ್ತದೆ. ಇನ್ನು ಕೆಲವರು ಉಬುಂಟು ವರ್ಶನ್ 20.04ರಿಂದ ನೇರ 24.04ಕ್ಕೆ ಹಾರಲು ನೋಡುತ್ತಾರೆ. ಆಗುವುದಿಲ್ಲ, ನಡುವೆ 22.04ಕ್ಕೆ ಹೋಗಲೇಬೇಕು.

ಕೊನೆಗೆ ಉಳಿಯುವುದು ಹಾರ್ಡ್‌ವೇರ್. ವಿಂಡೋಸ್ 11ಕ್ಕೆ ಟಿಪಿಎಂ 2.0 (ಕೀಗಳನ್ನು ಸುರಕ್ಷಿತವಾಗಿ ಇಡುವ ಸೆಕ್ಯುರಿಟಿ ಭಾಗ), ಸೆಕ್ಯೂರ್ ಬೂಟ್‌ಗೆ ಒಗ್ಗುವ ಯುಇಎಫ್‌ಐ (ಹಳೆಯ ಬಯಾಸ್‌ನ ಹೊಸ ರೂಪ), 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಮತ್ತು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಟಿಪಿಎಂ ಇಲ್ಲ ಅಂತ ಬಂದರೆ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಸಿಸ್ಟಮ್‌ಗಳಲ್ಲಿ ಅದು ಪ್ರೊಸೆಸರ್ ಒಳಗೇ ಇದ್ದು ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಲ್ಲಿ ಹುಡುಕಿ. ಒಂದೇ ಒಂದು ಎಚ್ಚರಿಕೆ: ಡಿಸ್ಕ್‌ಗೆ ಬಿಟ್‌ಲಾಕರ್ (ಡಿಸ್ಕ್‌ನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ಹಾಕಿದ್ದರೆ ಬಯಾಸ್ ಮುಟ್ಟುವ ಮೊದಲು ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಕೈಯಲ್ಲಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಕೀ ಇಲ್ಲದೆ ಡಿಸ್ಕ್ ಲಾಕ್ ಆದರೆ ಒಳಗಿನ ಡೇಟಾ ಹೋದಂತೆಯೇ.

ಪ್ರೊಸೆಸರ್ರೇ ಹಳೆಯದಾದರೆ, ತಪಾಸಣೆಯನ್ನು ದಾಟಿಸಿ ವಿಂಡೋಸ್ 11 ಹಾಕುವ ದಾರಿಗಳಿವೆ. ಬೇರೆಯವರ ದುಡಿಮೆ ನಿಂತಿರುವ ಸಿಸ್ಟಮ್‌ಗೆ ನಾನು ಅದನ್ನು ಮಾಡುವುದಿಲ್ಲ. ಹಾಗೆ ಹಾಕಿದ್ದಕ್ಕೆ ಮುಂದೆ ಅಪ್‌ಡೇಟ್ ಸಿಗುತ್ತದೆ ಅನ್ನುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಸ್ವಂತಕ್ಕೆ ವಿಂಡೋಸ್ 10 ಬಳಸುವವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಪಡೆಯುವ ಯೋಜನೆ ಇದೆ. ಬ್ರೌಸರ್ ಮತ್ತು ಬರವಣಿಗೆಗೆ ಮಾತ್ರ ಬಳಸುವ ಹಳೆಯ ಸಿಸ್ಟಮ್ ಆದರೆ ನಾನು ಲಿನಕ್ಸ್ ಹಾಕಿ ಕೊಡುತ್ತೇನೆ. ಅದಕ್ಕೂ ಮೊದಲು ಅವರ ಪ್ರಿಂಟರ್ ಅದರಲ್ಲಿ ಓಡುತ್ತದಾ ಅಂತ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಪೆನ್ ಡ್ರೈವ್) ಬೂಟ್ ಮಾಡಿ, ಒಂದು ಪುಟ ಪ್ರಿಂಟ್ ತೆಗೆದು ನೋಡುತ್ತೇನೆ.