ದಸರಾ ರಜೆಗೆ ಕಾಡು, ಘಟ್ಟ, ಕಡಲು: ನಮ್ಮ ಮನೆಯ ಲೆಕ್ಕಾಚಾರ

ಈ ಸಲ ದಸರಾ ರಜೆಗೆ ಕಾರಿನಲ್ಲಿ ಒಂದು ಸುತ್ತು ಹೊಡೆಯೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ತುಮಕೂರಿನಿಂದ ಹೊರಟು ನಾಗರಹೊಳೆ, ಕೊಡಗು, ಸಂಪಾಜೆ ಘಟ್ಟ ಇಳಿದು ಉಡುಪಿ, ಅಲ್ಲಿಂದ ಕಡಲ ಅಂಚಿನಲ್ಲೇ ಕಾರವಾರ, ಮತ್ತೆ ಅಣಶಿ ಘಟ್ಟ ಹತ್ತಿ ದಾಂಡೇಲಿ, ಹುಬ್ಬಳ್ಳಿ ಮೇಲೆ ವಾಪಸ್. ಹೇಳುವುದಕ್ಕೆ ಒಂದೇ ಸಾಲು. ಇದನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು.

ಕಾರಿನಲ್ಲಿ ಯಾರ್ಯಾರು ಅಂತ ಮೊದಲು ಹೇಳುತ್ತೇನೆ, ಯಾಕಂದರೆ ಪ್ಲಾನ್ ಎಲ್ಲಾ ನಿಂತಿರುವುದು ಅದರ ಮೇಲೇ. ಅಪ್ಪ, ಕೆಎಸ್ಆರ್‌ಟಿಸಿಯಲ್ಲಿ ಚಾಲಕರಾಗಿ ನಿವೃತ್ತರಾದವರು, ವರ್ಷಗಟ್ಟಲೆ ಮಡಿಕೇರಿ ಮೇಲೆ ಮಂಗಳೂರಿಗೆ ಬಸ್ ಓಡಿಸಿದವರು. ಅಮ್ಮ, ಮಂಡಿನೋವು. ನಮ್ಮ ಮನೆಯವರು, ಡ್ರೈವಿಂಗ್ ಬರುವುದಿಲ್ಲ, ಆದರೆ ಗೂಗಲ್ ಮ್ಯಾಪ್ ಮೇಲೆ ಅಪಾರ ನಂಬಿಕೆ. ಎಂಟನೇ ಕ್ಲಾಸಿನ ಮಗಳಿಗೆ ಹಕ್ಕಿ ಹುಚ್ಚು. ಎರಡನೇ ಕ್ಲಾಸಿನ ಮಗನಿಗೆ ಮೂರನೇ ತಿರುವಿಗೇ ವಾಂತಿ. ಮತ್ತೆ ನಾನು, ಅಪ್ಪನ ಜೊತೆ ಸ್ಟೀರಿಂಗ್ ಹಂಚಿಕೊಳ್ಳಬೇಕಾದವಳು.

ಮೊದಲ ಜಗಳ ಯಾವಾಗ ಹೋಗುವುದು ಅನ್ನುವುದಕ್ಕೆ. ಪ್ರಾಣಿ ನೋಡಬೇಕಾದರೆ ಬೇಸಿಗೆಯೇ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಕಬಿನಿ ಹಿನ್ನೀರು ಇಳಿದು ಅಂಚಿನಲ್ಲಿ ಹುಲ್ಲು ಚಿಗುರುತ್ತದೆ, ಆನೆಗಳು ಗುಂಪು ಗುಂಪಾಗಿ ಅಲ್ಲಿಗೆ ಬರುತ್ತವೆ. ಅಕ್ಟೋಬರಿನಲ್ಲಿ ಕಾಡೆಲ್ಲ ಹಸಿರು, ಹುಲ್ಲು ಎದೆಯೆತ್ತರ, ಹತ್ತು ಅಡಿ ದೂರದಲ್ಲಿ ಹುಲಿ ಮಲಗಿದ್ದರೂ ಕಾಣುವುದಿಲ್ಲ. ಆದರೆ ಮೇ ತಿಂಗಳಲ್ಲಿ ಕರಾವಳಿಯ ಸೆಕೆ ಅಮ್ಮನಿಗೆ ಆಗುವುದಿಲ್ಲ. ಜೂನ್, ಜುಲೈ ಅಂದರೆ ಮಳೆ, ಘಟ್ಟದ ಭಯ, ಜೊತೆಗೆ ಆ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಉಡುಪಿ ತನಕ ಹೋಗಿ ತಾಜಾ ಅಂಜಲ್, ಕಾಣೆ ಇಲ್ಲದೆ ಬರುವುದಾದರೆ ನಾನು ಮನೆಯಲ್ಲೇ ಇರುತ್ತೇನೆ. ಹಾಗಾಗಿ ದಸರಾ. ಪ್ರಾಣಿ ಕಡಿಮೆ, ಹಸಿರು ಜಾಸ್ತಿ, ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ.

ಆಮೇಲೆ ದಸರಾದಲ್ಲಿ ಯಾವ ದಿನ? ನಮ್ಮವರು ರಜೆ ಶುರುವಾದ ದಿನವೇ ಹೊರಡೋಣ ಅಂದರು. ಅಪ್ಪ ಒಂದೇ ಮಾತಲ್ಲಿ ಮುಗಿಸಿದರು: ಆಯುಧಪೂಜೆ ಆಗದೆ ಗಾಡಿ ಹೊರಗೆ ಹೋಗುವುದಿಲ್ಲ. ಸುಮ್ನೆ ಹಠ ಅಂದುಕೊಂಡಿದ್ದೆ. ಯೋಚನೆ ಮಾಡಿದರೆ ಅದೇ ಸರಿ ಅನ್ನಿಸಿತು. ನವರಾತ್ರಿಯಲ್ಲಿ ಮೈಸೂರಿನ ಸುತ್ತ ರೂಮು ಸಿಗುವುದು ಕಷ್ಟ, ಸಿಕ್ಕರೂ ರೇಟು ಕೇಳುವಂತಿಲ್ಲ. ಇನ್ನು ವಿಜಯದಶಮಿಗೆ ಕೊಲ್ಲೂರಿನಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳದಿಂದ ಜನ ಬಂದು ತುಂಬಿರುತ್ತಾರೆ. ಕೊಲ್ಲೂರು ಅಮ್ಮನ ಪಟ್ಟಿಯಲ್ಲಿ ಮೊದಲನೆಯದು. ದಶಮಿಯ ಮಾರನೇ ದಿನ ಹೊರಟರೆ ಎರಡೂ ಗಲಾಟೆ ತಪ್ಪುತ್ತದೆ. ಲೆಕ್ಕ ಹಾಕಿದರೆ ಕಡಲ ಹತ್ತಿರ ಇರುವಾಗ ಶೀಗಿ ಹುಣ್ಣಿಮೆ. ಬೆಳದಿಂಗಳು ಚೆಂದ, ಆದರೆ ಹುಣ್ಣಿಮೆಗೆ ಸಮುದ್ರದ ಏರಿಳಿತವೂ ಜಾಸ್ತಿ. ಅದಕ್ಕೆ ಒಂದು ನಿಯಮ ಈಗಲೇ ಹಾಕಿದ್ದೇನೆ, ಮುಂದೆ ಹೇಳುತ್ತೇನೆ.

ಬಂಡೀಪುರ ಯಾಕಿಲ್ಲ ಅಂತ ತಮ್ಮ ಫೋನ್ ಮಾಡಿ ಕೇಳಿದ. 1973ರಲ್ಲಿ ಹುಲಿ ಯೋಜನೆ ಶುರುವಾದಾಗಲೇ ಸೇರಿದ ಕಾಡು, ಅದನ್ನು ಬಿಟ್ಟು ಹೋಗುತ್ತೀರಾ ಅಂತ. ಬಿಡುತ್ತೇವೆ. ಗುಂಡ್ಲುಪೇಟೆ ದಾಟಿದ ಮೇಲೆ ಅಲ್ಲಿನ ಹೆದ್ದಾರಿಗಳು ಒಂದು ಊಟಿ ಕಡೆಗೆ, ಇನ್ನೊಂದು ವಯನಾಡಿನ ಕಡೆಗೆ ಹೋಗುತ್ತವೆ. ನಮಗೆ ಬೇಕಾದ್ದು ಉಡುಪಿ. ನಾಗರಹೊಳೆಯಾದರೆ ಕಾಡಿನ ಒಳಗಿಂದಲೇ ಕೊಡಗಿಗೆ ದಾಟಬಹುದು.

ಗೂಗಲ್ ಮ್ಯಾಪ್ ಮತ್ತು ಅಪ್ಪನ ಮಧ್ಯೆ ಯುದ್ಧ ಆರಂಭವಾಗಿದ್ದು ಇಲ್ಲೇ. ಮ್ಯಾಪ್ ಕಿಲೋಮೀಟರ್ ಹೇಳುತ್ತದೆ, ಅಪ್ಪ ಹೊತ್ತು ಹೇಳುತ್ತಾರೆ. ಹುಣಸೂರಿನಿಂದ ನಾಗರಹೊಳೆ ಮೂಲಕ ಕುಟ್ಟಕ್ಕೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಬಂದ್. ಎಚ್.ಡಿ. ಕೋಟೆ ಮೇಲೆ ಬಾವಲಿ, ಮಾನಂದವಾಡಿಗೆ ಹೋಗುವುದೂ ಹಾಗೇ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಅಂದರೆ ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ತಡವಾದರೆ, ಮಗ ಎರಡು ಸಲ ಜಾಸ್ತಿ ವಾಂತಿ ಮಾಡಿಕೊಂಡರೆ, ಗೇಟಿನ ಈಚೆಯೇ ರಾತ್ರಿ ಕಳೆಯಬೇಕು. ಅದಕ್ಕೆ ನಾನು ಪ್ಲಾನನ್ನು ಊರಿನ ಹೆಸರಿನಿಂದ ಬರೆಯುವುದನ್ನೇ ಬಿಟ್ಟೆ. ಯಾವ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ದೋಣಿ ಯಾವಾಗ ಬಿಡುತ್ತದೆ, ಗುಡಿ ಬಾಗಿಲು ಯಾವಾಗ ಹಾಕುತ್ತದೆ, ಇಷ್ಟನ್ನು ಮೊದಲು ಬರೆದುಕೊಂಡೆ. ಮಧ್ಯದ ಜಾಗ ತಾನಾಗೇ ತುಂಬಿಕೊಂಡಿತು.

ಮೈಸೂರು ಒಳಗೆ ಹೋಗುವುದೇ ಬೇಡ ಅಂತ ಅಪ್ಪನ ಆಜ್ಞೆ. ದಶಮಿ ಮುಗಿದರೂ ದೀಪ ನೋಡುವವರ ಗದ್ದಲ ಇದ್ದೇ ಇರುತ್ತದೆ. ಕುಣಿಗಲ್, ಬೆಳ್ಳೂರು ಕ್ರಾಸ್, ನಾಗಮಂಗಲ, ಕೆ.ಆರ್. ಪೇಟೆ, ಕೆ.ಆರ್. ನಗರ, ಹುಣಸೂರು. ಮ್ಯಾಪಿನಲ್ಲಿ ಕೆಂಪು ಗೆರೆ ತಪ್ಪಿಸುವ ದಾರಿ ಹುಡುಕುತ್ತಾ ನಮ್ಮವರು ಕೂತಿದ್ದರು, ಅಪ್ಪ ಚಪಾತಿ ತಿನ್ನುತ್ತಲೇ ಹೇಳಿ ಮುಗಿಸಿದರು. ಮದ್ದೂರು ವಡೆ ತಪ್ಪಿತು ಅಂತ ಮಗಳಿಗೆ ಬೇಜಾರು.

ಹುಣಸೂರು ಕಡೆ ತಂಗಿ, ಬೆಳಿಗ್ಗೆ ವೀರನಹೊಸಹಳ್ಳಿ ಗೇಟಿನಿಂದ ಸಫಾರಿ. ಇದನ್ನು ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. 2025ರ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತ್ತು. ಅಲ್ಲಿ ಹೊಲಕ್ಕೆ ಹೋಗುವವರ ಜೀವ ಹೋಗುತ್ತಿರುವಾಗ ನಮ್ಮ ಜೀಪು ಸವಾರಿ ನಿಂತಿತು ಅಂತ ಗೊಣಗುವುದರಲ್ಲಿ ಅರ್ಥವಿಲ್ಲ. ಹೊರಡುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು, ಇದ್ದರೆ ಹೋಗುವುದು. ಇಲ್ಲದಿದ್ದರೆ ಆ ರಸ್ತೆಯೇ ಒಂದು ಸಫಾರಿ. ಜಿಂಕೆ, ಲಂಗೂರ ಅಂತೂ ಖಾತ್ರಿ, ಆನೆ ಅದೃಷ್ಟ. ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ, ಹಾರನ್ ಹೊಡೆಯುವಂತಿಲ್ಲ. ಮಗನಿಗೆ ಕಾಡು ಬರುವ ಮುಂಚೆಯೇ ಬಾತ್‌ರೂಮಿಗೆ ಹೋಗಿಸಬೇಕು ಅಂತ ಪಟ್ಟಿಯಲ್ಲಿ ಕೆಂಪಕ್ಷರದಲ್ಲಿದೆ.

ಕುಟ್ಟದ ಹತ್ತಿರ ಒಂದು ರಾತ್ರಿ, ಇರ್ಪು ಜಲಪಾತ. ಮಾರನೇ ದಿನ ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ. ಮಡಿಕೇರಿಯಲ್ಲಿ ನಿಲ್ಲುವುದಿಲ್ಲ, ರಾಜಾ ಸೀಟ್ ಎಲ್ಲರೂ ನೋಡಿ ಆಗಿದೆ.

ಸಂಪಾಜೆ ಘಟ್ಟ ಅಪ್ಪನ ಸ್ವಂತ ಆಸ್ತಿ. ಅಲ್ಲಿ ಸ್ಟೀರಿಂಗ್ ನನಗೆ ಸಿಗುವುದಿಲ್ಲ, ಕೇಳುವುದೂ ಇಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಕೆಳಗೆ ಹೋಗುವಷ್ಟರಲ್ಲಿ ಬ್ರೇಕು ಕಾದು ಹಿಡಿತ ಹೋಗುತ್ತದೆ. ಇದನ್ನು ಅಪ್ಪ ನನಗೆ ಹೇಳಿದಷ್ಟು ಸಲ ಯಾವ ಸ್ತೋತ್ರವನ್ನೂ ಹೇಳಿಕೊಟ್ಟಿಲ್ಲ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಹತ್ತಿರ ಗುಡ್ಡ ಜರಿದು ಈ ರಸ್ತೆ ಬಹಳ ದಿನ ಬಂದ್ ಆಗಿತ್ತು. ಅದಕ್ಕೇ ಅಕ್ಟೋಬರಾದರೂ ಮಳೆ ಹಿಡಿದರೆ ಇಳಿಯುವುದಿಲ್ಲ, ಒಂದು ದಿನ ಕೊಡಗಿನಲ್ಲೇ ಇರುತ್ತೇವೆ ಅಂತ ಒಪ್ಪಂದ ಆಗಿದೆ. ಪ್ಲಾನಿನಲ್ಲಿ ಒಂದು ದಿನವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇನೆ. ನಮ್ಮವರು ಅದರಲ್ಲಿ ಏನಾದರೂ ತುಂಬಿಸಬೇಕು ಅಂತ ದಿನಾ ಒಂದು ಹೊಸ ಜಾಗ ತೋರಿಸುತ್ತಾರೆ.

ಮಗನಿಗೆ ಅಪ್ಪನ ಮದ್ದು: ಬರೀ ಹೊಟ್ಟೆ ಬೇಡ, ತುಂಬಿದ ಹೊಟ್ಟೆಯೂ ಬೇಡ. ಒಂದು ಹಿಡಿ ಕಡ್ಲೆಪುರಿ, ಮುಂದಿನ ಸೀಟು, ಕೈಯಲ್ಲಿ ನಿಂಬೆಹಣ್ಣು, ಮೊಬೈಲ್ ಇಲ್ಲ. ಮೊಬೈಲ್ ಇಲ್ಲ ಅನ್ನುವುದೇ ಅರ್ಧ ಔಷಧಿ ಅಂತ ನನ್ನ ಅಭಿಪ್ರಾಯ.

ಸುಳ್ಯ, ಪುತ್ತೂರು ದಾಟಿ ಬಂಟ್ವಾಳ ತಲುಪಿದ ಮೇಲೆ ಮಂಗಳೂರಿಗೆ ಹೋಗದೆ ಮೂಡುಬಿದಿರೆ ಕಡೆ ತಿರುಗುತ್ತೇವೆ. ಸಾವಿರ ಕಂಬದ ಬಸದಿಯಲ್ಲಿ ಅರ್ಧ ಗಂಟೆ ತಣ್ಣಗೆ ಕೂತರೆ ಘಟ್ಟದ ಸುಸ್ತು ಇಳಿಯುತ್ತದೆ. ಹಾಗೇ ಉಡುಪಿ.

ಕುದುರೆಮುಖಕ್ಕಾಗಿ ಮಗಳು ಅತ್ತೇಬಿಟ್ಟಳು. ಸಿಂಗಳೀಕ ನೋಡಬೇಕಂತೆ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು, ಆಮೇಲೂ ಅಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು, ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು ಅಂತ ನಮಗೇ ಪಾಠ ಹೇಳಿದಳು. ಎಲ್ಲಾ ನಿಜ. ಆದರೆ ಉಡುಪಿಯಿಂದ ಕಾರ್ಕಳ, ಮಾಳ ಮೇಲೆ ಮತ್ತೆ ಘಟ್ಟ ಹತ್ತಿ ಅದೇ ದಿನ ಇಳಿಯಬೇಕು. ಮಗನ ಹೊಟ್ಟೆ ನೋಡಿಕೊಂಡು ಅದನ್ನು ಹೊಡೆದು ಹಾಕಿದೆ. ಬದಲಿಗೆ ಅವಳಿಗೆ ದಾಂಡೇಲಿ ಹತ್ತಿರದ ಗಣೇಶಗುಡಿ ಕೊಟ್ಟಿದ್ದೇನೆ.

ಉಡುಪಿಯಲ್ಲಿ ಎರಡು ರಾತ್ರಿ. ಒಂದು ಬೆಳಿಗ್ಗೆ ಕೃಷ್ಣಮಠ, ಕನಕನ ಕಿಂಡಿ. ಇನ್ನೊಂದು ಬೆಳಿಗ್ಗೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ಈ ದೋಣಿ ಬಿಡುವುದಿಲ್ಲ, ಅಕ್ಟೋಬರಿನಲ್ಲೂ ಅಲೆ ನೋಡಿಕೊಂಡೇ. ಅಲ್ಲಿರುವುದು ಕೆತ್ತಿ ನಿಲ್ಲಿಸಿದ ಹಾಗೆ ಕಾಣುವ ಷಟ್ಕೋನದ ಕಲ್ಲುಕಂಬಗಳು. ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ಆರಿ ಆದದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಅಮ್ಮ ದೋಣಿ ಹತ್ತುವುದಿಲ್ಲ. ಅವರು ಮಠದಲ್ಲಿ, ನಾವು ದ್ವೀಪದಲ್ಲಿ. ಎಲ್ಲರೂ ಎಲ್ಲವನ್ನೂ ಒಟ್ಟಿಗೇ ನೋಡಬೇಕು ಅನ್ನುವ ಹಠ ಬಿಟ್ಟ ಮೇಲೆ ಈ ಪ್ಲಾನು ಎಷ್ಟೋ ಹಗುರಾಯಿತು.

ಉತ್ತರಕ್ಕೆ ಹೆದ್ದಾರಿ 66. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಅಲ್ಲಿ ನಾನು ಓಡಿಸುತ್ತೇನೆ ಅಂತ ಮೊದಲೇ ಬುಕ್ ಮಾಡಿದ್ದೇನೆ. ಅಲ್ಲಿಂದ ಕೊಲ್ಲೂರಿಗೆ ಒಳಗೆ ಹೋಗಿ ಬೈಂದೂರಿಗೆ ಬಂದು ಸೇರುವುದು. ಮುರುಡೇಶ್ವರದಲ್ಲಿ 123 ಅಡಿ ಎತ್ತರದ ಶಿವ ಇದ್ದಾನೆ ಅಂತ ಎಲ್ಲರೂ ಹೇಳುತ್ತಾರೆ. ಅಮ್ಮನಿಗೆ ಮುಖ್ಯವಾದ್ದು ರಾಜಗೋಪುರದೊಳಗೆ ಲಿಫ್ಟ್ ಇದೆ ಅನ್ನುವುದು. ಮೆಟ್ಟಿಲಿಲ್ಲದೆ ಮೇಲೆ ಹೋಗಿ ಸಮುದ್ರ ನೋಡಬಹುದಲ್ವಾ?

ನಿಯಮದ ಮಾತು. 2024ರ ಡಿಸೆಂಬರಿನಲ್ಲಿ ಇದೇ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ಮುಳುಗಿ ತೀರಿಕೊಂಡರು. ನಾವು ಬಯಲುಸೀಮೆಯವರು, ಕೆರೆಯ ನೀರು ಗೊತ್ತು, ಕಡಲು ಗೊತ್ತಿಲ್ಲ. ಮೊಣಕಾಲಿಗಿಂತ ಮೇಲೆ ನೀರಿಲ್ಲ, ಜೀವರಕ್ಷಕರು ಇಲ್ಲದ ಕಡೆ ಪಾದವೂ ನೆನೆಯುವಂತಿಲ್ಲ, ಕತ್ತಲಾದ ಮೇಲೆ ಮರಳಿನ ಮೇಲೆ ಮಾತ್ರ. ಹುಣ್ಣಿಮೆ ಅಂತ ರಿಯಾಯಿತಿ ಇಲ್ಲ. ಇದು ನಮ್ಮವರಿಗೂ ಅನ್ವಯ.

ಹೊನ್ನಾವರದ ಹತ್ತಿರ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ನಡಿಗೆದಾರಿ ಇದೆ, ಮಗಳಿಗೆ ಹಕ್ಕಿ, ಅಮ್ಮನಿಗೆ ಸಮತಟ್ಟು. ಕುಮಟಾ ದಾಟಿದ ಮೇಲೆ ಮಿರ್ಜಾನ್ ಕೋಟೆ, ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯದು. ಗೋಕರ್ಣದಲ್ಲಿ ರಾತ್ರಿ. ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು, ಅಮ್ಮನಿಗೆ ಮಹಾಬಲೇಶ್ವರನ ಗುಡಿ ಪಕ್ಕದ ಕಡಲೇ ಸಾಕು.

ಅಂಕೋಲಾ ತಾಲೂಕಿನ ಶಿರೂರು ಬಂದಾಗ ಅಪ್ಪ ಗಾಡಿ ನಿಧಾನ ಮಾಡುತ್ತಾರೆ, ಅದು ನನಗೆ ಗೊತ್ತು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಗಂಗಾವಳಿ ನದಿಗೆ ಸೇರಿದ ಲಾರಿ, ಅದರ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅಷ್ಟು ದಿನವೂ ಅಪ್ಪ ಸಂಜೆ ವಾರ್ತೆ ತಪ್ಪಿಸಲಿಲ್ಲ. ರಸ್ತೆ ಬದಿ ಚಹಾಕ್ಕೆ ನಿಲ್ಲಿಸದ ಡ್ರೈವರ್ ಯಾರಿದ್ದಾರೆ ಅಂತ ಒಂದು ಸಲ ಅಂದಿದ್ದರು, ಅಷ್ಟೇ.

ಕಾರವಾರದಲ್ಲಿ ಟ್ಯಾಂಕ್ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು ಕದ್ರಾ, ಅಣಶಿ, ಜೋಯಿಡಾ. ಮಧ್ಯೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮೊದಲು ದಾಂಡೇಲಿ–ಅಣಶಿ ಅಂತಿದ್ದದ್ದಕ್ಕೆ 2015ರಲ್ಲಿ ಕಾಳಿ ನದಿಯ ಹೆಸರಿಟ್ಟರು. ಕರಿಚಿರತೆಗೆ ಹೆಸರುವಾಸಿ, ಆದರೆ ಅದನ್ನು ನೋಡುತ್ತೇವೆ ಅಂತ ಹೊರಟರೆ ನಿರಾಸೆ ಖಚಿತ. ಗಣೇಶಗುಡಿಯ ಹಳೇ ಮ್ಯಾಗಝೀನ್ ಹೌಸ್ ಅನ್ನುವ ತಂಗುದಾಣದಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿ ಇಟ್ಟಿರುತ್ತಾರೆ, ಕೂತಲ್ಲೇ ನೋಡಬಹುದು. ದಾಂಡೇಲಿಯ ಸುತ್ತ ಮಂಗಟ್ಟೆ ಹಕ್ಕಿಗಳು. ಮಗಳ ಪುಸ್ತಕದಲ್ಲಿ ದೊಡ್ಡ ಮಂಗಟ್ಟೆಯ ಪಕ್ಕ ಪೆನ್ಸಿಲ್ ಗುರುತು ಆಗಲೇ ಬಿದ್ದಿದೆ. ಕಾಳಿಯಲ್ಲಿ ರ‍್ಯಾಫ್ಟಿಂಗ್ ಇದೆ ಅಂತ ನಮ್ಮವರಿಗೆ ಆಸೆ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಗಣೇಶಗುಡಿಯ ರೂಮು ಇನ್ನೂ ಖಾತ್ರಿಯಾಗಿಲ್ಲ. ಅದು ಸಿಕ್ಕರೆ ಖಾಲಿ ಬಿಟ್ಟ ದಿನ ಮಗಳಿಗೆ.

ವಾಪಸಾತಿಗೆ ಹುಬ್ಬಳ್ಳಿಯಿಂದ ಹೆದ್ದಾರಿ 48, ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಸಿರಾ. ದಾವಣಗೆರೆಯಲ್ಲಿ ಬೆಣ್ಣೆದೋಸೆ, ಅದರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಭಿನ್ನಾಭಿಪ್ರಾಯ ಇರುವುದು ಅಲ್ಲಿಂದ ಮುಂದೆ. ಊಟ ಮುಗಿಸಿ ರಾತ್ರಿಯೇ ಹೊರಟರೆ ರಸ್ತೆ ಖಾಲಿ ಅಂತ ಅಪ್ಪ. ಅಷ್ಟು ದೂರ ಓಡಿಸಿದ ಮೇಲೆ ರಾತ್ರಿ ಪ್ರಯಾಣ ಬೇಡ ಅಂತ ನಾನು. ಕೊನೆಗೆ, ಹೊರಡುವುದಾದರೆ ದಾವಣಗೆರೆಯಿಂದ ಮನೆ ತನಕ ನಾನೇ ಓಡಿಸುತ್ತೇನೆ, ನೀವು ಹಿಂದೆ ಮಲಗಿ ಅಂದೆ. ಬೆಳಿಗ್ಗೆಯೇ ಹೊರಡೋಣ ಬಿಡು ಅಂದರು.