ಅಳಿವೆಯ ನೀರು, ಗಾಜಿನ ತೊಟ್ಟಿ

ಕಾರವಾರದಲ್ಲಿ ಮನೆಯಿರುವವನಿಗೆ ಉಪ್ಪುನೀರಿನ ಮೀನುತೊಟ್ಟಿ ಇಡುವುದೇನು ಕಷ್ಟ ಎಂಬ ಹಮ್ಮಿನಲ್ಲಿ ನಾನು ಈ ಜುಲೈನಲ್ಲಿ ಕೋಡಿಬಾಗದ ದಡದಿಂದ ಕ್ಯಾನುಗಳಲ್ಲಿ ನೀರು ಹೊತ್ತು ತಂದು ನೂರು ಲೀಟರಿನ ತೊಟ್ಟಿಯನ್ನು ತುಂಬಿಸಿದೆ. ನೀರಿನ ಉಪ್ಪಿನಂಶ ತಿಳಿಸುವ ಹೈಡ್ರೋಮೀಟರ್ ಇಳಿಬಿಟ್ಟರೆ ಅದು 1.010 ತೋರಿಸಿತು, ಸಮುದ್ರದ ನೀರಾದರೆ ಸುಮಾರು 1.025 ಇರಬೇಕಿತ್ತು. “ಮಳೆಗಾಲದಲ್ಲಿ ಅಳಿವೆ ನೀರು ಚಪ್ಪೆಯಲ್ಲವೇ ತಮ್ಮಾ” ಎಂದು ಮನೆಗೆ ಮೀನು ತರುವ ಅಕ್ಕ ನಕ್ಕರು. ಕಾಳಿ ನದಿ ಘಟ್ಟದ ಮಳೆಯನ್ನೆಲ್ಲ ಹೊತ್ತು ತಂದು ಅಲ್ಲಿಯೇ ಕಡಲಿಗೆ ಸುರಿಯುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆ ನೀರನ್ನು ಚೆಲ್ಲಿ, ಆರ್‌ಒ ನೀರಿಗೆ ಸಮುದ್ರದ ಮೀನಿನ ತೊಟ್ಟಿಗೆಂದೇ ಮಾರುವ ಉಪ್ಪು ಬೆರೆಸಿದೆ. ನೀರು ತಿಳಿಯಾಗಿದೆಯೆಂದು ಮೂರನೆಯ ದಿನವೇ ಎರಡು ಕ್ಲೌನ್ ಮೀನುಗಳನ್ನು ಬಿಟ್ಟೆ. ಐದನೆಯ ದಿನ ಅವು ಮೇಲ್ಮೈಗೆ ಬಂದು, ಕಿವಿರುಗಳನ್ನು ಪಟಪಟನೆ ಬಡಿಯುತ್ತ, ಹಾಕಿದ ಆಹಾರವನ್ನು ಮೂಸಿಯೂ ನೋಡದೆ ನಿಂತಿದ್ದವು. ಪರೀಕ್ಷೆಯ ಕೊಳವೆಯಲ್ಲಿ ಹಳದಿಯಾಗಿ ಉಳಿಯಬೇಕಿದ್ದ ನೀರು ಹಸಿರಾಯಿತು: ಅಮೋನಿಯಾ. ಸಂಜೆಯ ಹೊತ್ತಿಗೆ ಎರಡೂ ಸತ್ತವು.

ಮೀನಿನ ತ್ಯಾಜ್ಯದಿಂದಲೂ ಉಳಿದ ಆಹಾರದಿಂದಲೂ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯದು ಅದನ್ನು ಅಷ್ಟು ವಿಷವಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಇವು ಹೆಚ್ಚಾಗಿ ನೆಲೆಸುವುದು ನೀರಿನಲ್ಲಲ್ಲ, ಕಲ್ಲು, ಉಸುಕು ಮತ್ತು ಫಿಲ್ಟರಿನ ಮೈಮೇಲೆ. ಅವು ಬೇಕಾದಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಉಪ್ಪುನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.2ರ ಆಸುಪಾಸಿನಲ್ಲಿರುವುದರಿಂದ ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವ ಪಾಲು ಅಲ್ಲಿ ಸಾಮಾನ್ಯವಾಗಿ ಸಿಹಿನೀರಿನಲ್ಲಿರುವುದಕ್ಕಿಂತ ಹೆಚ್ಚು. ಸಿಹಿನೀರಿನ ತೊಟ್ಟಿ ಸಾಕಿದ ಅನುಭವ ನನ್ನನ್ನು ದಾರಿ ತಪ್ಪಿಸಿದ್ದು ಇಲ್ಲಿಯೇ.

ಎರಡನೆಯ ಸಲ ಮೀನಿಲ್ಲದ ತೊಟ್ಟಿಗೆ, ಕೊಳೆತು ಅಮೋನಿಯಾ ಹುಟ್ಟಲೆಂದು, ಒಂದು ಸಿಗಡಿಯ ತುಂಡನ್ನು ಹಾಕಿ, ಮನೆಯವರ ಗೊಣಗಾಟದ ನಡುವೆ ಐದು ವಾರ ಕಾದೆ. ಅಮೋನಿಯಾ ಏರಿ ಇಳಿಯಿತು, ಬಳಿಕ ನೈಟ್ರೈಟ್ ಏರಿತು, ಅದೂ ಸೊನ್ನೆಗೆ ಬಂದಿತು. (ಕಡಲಿನಿಂದ ಜೀವಂತ ಹವಳದ ಕಲ್ಲು ತಂದರೆ ಬೇಗ ಆಗುತ್ತದೆಂದು ಒಬ್ಬರು ಸೂಚಿಸಿದರು, ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಆ ಮಾತು ಬೇಡವೆಂದೆ.)

ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಗಾಜಿನ ಮೇಲೆ ಎಳೆದ ಗೆರೆಯವರೆಗೆ ದಿನವೂ ಸಿಹಿನೀರನ್ನೇ ತುಂಬುತ್ತೇನೆ. ಕರೆಂಟ್ ಹೋದರೆ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ತಪ್ಪುತ್ತದೆಯೆಂದು ಬ್ಯಾಟರಿಯ ಗಾಳಿ ಪಂಪನ್ನು ಪಕ್ಕದಲ್ಲೇ ಇಟ್ಟಿದ್ದೇನೆ. ಸದ್ಯಕ್ಕೆ ಒಂದೇ ಕ್ಲೌನ್ ಮೀನಿದೆ. ಒಂದು ಮೀನಿನ ತ್ಯಾಜ್ಯಕ್ಕೆ ತಕ್ಕಷ್ಟೇ ಬ್ಯಾಕ್ಟೀರಿಯಾ ಇರುವುದರಿಂದ, ಎರಡನೆಯದನ್ನು ದಸರೆ ಮುಗಿದ ಮೇಲೆ ತರುತ್ತೇನೆ.