ಸಿದ್ಧಕಥೆಯ ಆಚೆಗಿನ ವರ್ಷಗಳು

ಸಂಗೀತಗಾರರನ್ನು, ಚಿತ್ರಕಾರರನ್ನು, ರಂಗದ ಮೇಲೆ ದುಡಿಯುವವರನ್ನು ಅವರ ವೃತ್ತಿಜೀವನದ ಬಗ್ಗೆ ಮಾತನಾಡಿಸಿ ಬರೆದಿಡುವ ಕೆಲಸವನ್ನು ನಾನು ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದೇನೆ. ಹೆಸರು ಮಾಡಿದ ಕಲಾವಿದರಲ್ಲಿ ಹೆಚ್ಚಿನವರ ಬಳಿ ಹೇಳುವುದಕ್ಕೆ ಒಂದು ಕಥೆ ಸಿದ್ಧವಾಗಿಯೇ ಇರುತ್ತದೆ. ಗುರುಗಳು ದೊರೆತ ಗಳಿಗೆ, ಎದೆ ನಡುಗಿದ ಮೊದಲ ಕಚೇರಿ, ಬರಬೇಕಾಗಿದ್ದ ಯಾರೋ ಬಾರದೆ ತಮಗೆ ಅವಕಾಶ ಒದಗಿಬಂದ ಸಂಜೆ, ಆಮೇಲೆ ಬಂದ ಬಿರುದು ಮತ್ತು ಮನ್ನಣೆ. ಇದರಲ್ಲಿ ಸುಳ್ಳೇನೂ ಇಲ್ಲ. ಹಲವರ ಮುಂದೆ ಹೇಳಿ ಹೇಳಿ ಅದು ನುಣುಪಾಗಿರುತ್ತದೆ, ಅಷ್ಟೆ. ಆದರೆ ನಾಲ್ಕೈದು ದಶಕ ಒಂದೇ ಕಸುಬಿನಲ್ಲಿ ಬಾಳಿದವರ ಜೀವನದಲ್ಲಿ ಇಂತಹ ಸಂಜೆಗಳು ಬೆರಳೆಣಿಕೆಯಷ್ಟು ಮಾತ್ರ. ಮಿಕ್ಕ ಸಾವಿರಾರು ದಿನಗಳನ್ನು ಅವರು ಹೇಗೆ ನಡೆಸಿದರು ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ಆ ದಿನಗಳ ಬಾಗಿಲು ಎಲ್ಲಿದೆ ಎಂಬುದು ನನಗೆ ತೀರ ಸ್ಪಷ್ಟವಾದದ್ದು ಹಿರಿಯ ಪಿಟೀಲು ವಿದುಷಿಯೊಬ್ಬರೊಡನೆ ಬೆಳಗಿನಿಂದ ಸಂಜೆಯವರೆಗೆ ಕುಳಿತ ಒಂದು ದಿನ.

ಅವರು ತಮ್ಮ ಜೀವನದ ಹೆಚ್ಚಿನ ಭಾಗವನ್ನು ಪಕ್ಕವಾದ್ಯದಲ್ಲಿಯೇ, ಅಂದರೆ ಹಾಡುವವರ ಪಕ್ಕದಲ್ಲಿ ಕುಳಿತು ಅವರಿಗೆ ಜೊತೆಯಾಗಿ ನುಡಿಸುವುದರಲ್ಲಿಯೇ, ಕಳೆದವರು. ಬೆಳಗಿನ ಮೊದಲ ಹೊತ್ತು ಸಿದ್ಧಕಥೆಯಲ್ಲಿಯೇ ಸಾಗಿತು. ನಾನು ಅಡ್ಡಬಾರದೆ ಕೇಳಿದೆ, ಏಕೆಂದರೆ ಆ ಕಥೆಯನ್ನು ಹೇಳಿ ಮುಗಿಸುವ ಹಕ್ಕು ಹೇಳುವವರದು. ಅದು ಮುಗಿದ ಮೇಲೆ, "ಕಚೇರಿಯ ದಿನ ಪೆಟ್ಟಿಗೆ ತೆರೆದು ಮೊದಲು ಏನು ಮಾಡುತ್ತೀರಿ ಅಮ್ಮ?" ಎಂದು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಎದ್ದು ಹೋಗಿ ಪಿಟೀಲನ್ನು ತಂದರು.

ನೆಲದ ಮೇಲೆ ಕುಳಿತು, ಬಲಗಾಲನ್ನು ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ, ಬಿರಡೆಗಳನ್ನು ತಿರುವುತ್ತ ಅವರು ವಿವರಿಸಲು ತೊಡಗಿದರು. ಪಕ್ಕವಾದ್ಯದವರಿಗೆ ತಮ್ಮದೇ ಆದ ಶ್ರುತಿಯಿಲ್ಲ. ಹಾಡುವವರ ದನಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ತಂತಿಗಳು ಹೋಗಬೇಕು. ಶ್ರುತಿ ತಗ್ಗಿನಲ್ಲಿದ್ದರೆ ತಂತಿ ಸಡಿಲವಾಗುತ್ತದೆ. ಸಡಿಲವಾದ ತಂತಿಯ ಮೇಲೆ ಕಮಾನನ್ನು ಸ್ವಲ್ಪ ಒತ್ತಿದರೂ ಸ್ವರ ಕದಲುತ್ತದೆ, ಒತ್ತದಿದ್ದರೆ ನಾದ ಮಂಕಾಗುತ್ತದೆ. ಶ್ರುತಿ ಏರಿದ್ದರೆ ತಂತಿ ಬಿಗಿದು ಬೆರಳಿನ ತುದಿಯನ್ನು ಕೊರೆಯುತ್ತದೆ, ಕಚೇರಿಯ ನಡುವೆ ಕಡಿದುಹೋಗುವ ಭಯವೂ ಇರುತ್ತದೆ. ಆದ್ದರಿಂದ ಅವರು ಎರಡು ಪಿಟೀಲುಗಳನ್ನು ಇಟ್ಟುಕೊಂಡಿದ್ದರು: ತಗ್ಗಿನ ಶ್ರುತಿಗೆ ದಪ್ಪ ತಂತಿಯದು ಒಂದು, ಏರಿನ ಶ್ರುತಿಗೆ ತೆಳು ತಂತಿಯದು ಇನ್ನೊಂದು. ಒಂದೇ ಸ್ವರವನ್ನು ಎರಡರಲ್ಲಿಯೂ ನುಡಿಸಿ ತೋರಿಸಿದಾಗ, ಕಮಾನು ಹಿಡಿದ ಮಣಿಕಟ್ಟು ಒಂದರಿಂದ ಮತ್ತೊಂದಕ್ಕೆ ಹೋಗುವಾಗ ಬೇರೆಯವರದೇ ಎನ್ನುವಷ್ಟು ಬದಲಾಗುವುದನ್ನು ನಾನು ಹತ್ತಿರದಿಂದ ಕಂಡೆ.

"ಈ ಕೈಯನ್ನು ತಿದ್ದಿದವರು ನನ್ನ ಗುರುಗಳೊಬ್ಬರೇ ಅಲ್ಲ, ನಾನು ಪಕ್ಕದಲ್ಲಿ ಕುಳಿತ ಗಾಯಕರೆಲ್ಲ ತಿದ್ದಿದ್ದಾರೆ" ಎಂದರು. ಅಲ್ಲಿಂದ ಮಾತು ತಾನಾಗಿಯೇ ಹರಿಯಿತು. ಗಾಯಕರು ಒಂದು ರಾಗವನ್ನು ಬಿಡಿಸಿ ನಿಲ್ಲಿಸಿದ ಮೇಲೆ ಅದೇ ರಾಗವನ್ನು ಪಿಟೀಲಿನವರು ಮತ್ತೆ ಬಿಡಿಸಬೇಕು. ಅದು ಅವರ ಆಲಾಪನೆಗಿಂತ ಉದ್ದವಾಗಬಾರದು, ನಕಲೂ ಆಗಬಾರದು, ಮುಂದೆ ಕೃತಿಯಲ್ಲಿಯೋ ಅದರ ಒಂದು ಸಾಲನ್ನು ಹಿಡಿದು ಬೆಳೆಸುವ ನೆರವಲ್‌ನಲ್ಲಿಯೋ ತೆರೆಯಲೆಂದು ಅವರು ಕಾದಿರಿಸಿದ ಸ್ವರಸಂಚಾರವನ್ನು ಮೊದಲೇ ಖರ್ಚು ಮಾಡಲೂ ಬಾರದು. ಅವರು ಏನನ್ನು ಕಾದಿರಿಸಿದ್ದಾರೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. "ಎಲ್ಲಿ ಸುತ್ತಿ ಸುತ್ತಿ ಬಂದರೂ ಒಳಗೆ ಕಾಲಿಡಲಿಲ್ಲವೋ, ಅದೇ" ಎಂದರು. ಈ ಒಂದು ಉತ್ತರದಲ್ಲಿರುವಷ್ಟು ವೃತ್ತಿಜ್ಞಾನ ಪ್ರಶಸ್ತಿಗಳ ಇಡೀ ಪಟ್ಟಿಯಲ್ಲಿ ಇರಲಾರದು ಎಂಬುದು ನನ್ನ ದೃಢವಾದ ನಂಬಿಕೆ.

ಪಕ್ಕವಾದ್ಯದವರು ತಮ್ಮ ಸ್ಥಾನದ ಇಕ್ಕಟ್ಟಿನಿಂದಲೇ ವಾದ್ಯವನ್ನು ಬೆಳೆಸಿದ್ದಾರೆ ಎಂಬುದಕ್ಕೆ ವಿದುಷಿಯವರು ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರನ್ನು ನೆನೆದರು. ಧ್ವನಿವರ್ಧಕಗಳ ಬಳಕೆ ಇನ್ನೂ ಹಬ್ಬದಿದ್ದ ಕಾಲದಲ್ಲಿ, ಪಿಟೀಲಿನ ನಾದ ಸಭೆಯ ಹಿಂದಿನ ಸಾಲಿಗೂ ಮುಟ್ಟಲೆಂದು ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯವನ್ನು ಏಳು ತಂತಿಗಳದ್ದಾಗಿ ಮಾರ್ಪಡಿಸಿಕೊಂಡರು. ನಾವು ಅದನ್ನು ಪ್ರತಿಭೆಯ ಮಾತಾಗಿ ಹೇಳುತ್ತೇವೆ. ವಿದುಷಿಯವರು ಅದನ್ನು ದುಡಿಮೆಯ ಮಾತಾಗಿ ಹೇಳಿದರು, ಹಿಂದಿನ ಸಾಲಿಗೆ ಕೇಳದಿದ್ದರೆ ಪಿಟೀಲಿನವರು ಅಲ್ಲಿ ಕುಳಿತೂ ಫಲವಿಲ್ಲವಲ್ಲ ಎಂದು.

ಮಧ್ಯಾಹ್ನದ ಹೊತ್ತಿಗೆ ಅವರು ತಮ್ಮ ಎಡಗೈಯನ್ನು ಮುಂದೆ ಚಾಚಿ ಬೆರಳುಗಳನ್ನು ಒಂದೊಂದಾಗಿ ಮಡಿಸಿ ತೋರಿಸಿದರು. ಕಿರುಬೆರಳು ಮಿಕ್ಕವುಗಳ ಜೊತೆಗೆ ಮಡಿಯಲಿಲ್ಲ, ತುಸು ತಡವಾಗಿ ಬಂದಿತು. ನಡುವಯಸ್ಸಿನಲ್ಲಿ ಆ ಬೆರಳು ಇದ್ದಕ್ಕಿದ್ದಂತೆ ಮಾತು ಕೇಳದಾಯಿತಂತೆ. ಆ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಪಕ್ಕವಾದ್ಯದವರಿಗೆ ಕರೆ ಬರುವುದು ಬಾಯಿಮಾತಿನ ಮೇಲೆ. ಕೈ ಸರಿಯಿಲ್ಲ ಎಂಬ ಸುದ್ದಿ ಒಮ್ಮೆ ಹಬ್ಬಿದರೆ ಕೈ ಸರಿಹೋದ ಮೇಲೂ ಕರೆ ಬರುವುದಿಲ್ಲ. ಅದಕ್ಕಾಗಿ ಅವರು ಕಿರುಬೆರಳನ್ನೇ ಬಿಟ್ಟು ನುಡಿಸುವುದನ್ನು ರೂಢಿಸಿಕೊಂಡರು. ತೋರುಬೆರಳು ಮತ್ತು ನಡುಬೆರಳುಗಳನ್ನು ತಂತಿಯ ಮೇಲೆ ಉದ್ದಕ್ಕೆ ಜಾರಿಸಿ, ಬೆರಳು ಬದಲಿಸುತ್ತಿದ್ದ ಕಡೆಯಲ್ಲೆಲ್ಲ ಗಮಕವನ್ನು, ಸ್ವರದ ತೂಗಾಟವನ್ನು, ತುಂಬಿದರು. ಕೇಳುಗರು ಅದನ್ನು ಅವರ ವಿಶಿಷ್ಟ ಶೈಲಿಯೆಂದು ಮೆಚ್ಚಿದರು. ನಾನೂ ಅದೇ ನುಡಿಕೆಯನ್ನು ಮೆಚ್ಚಿಕೊಂಡು ಬಂದವನೇ.

ಆಗ ನನಗೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿಯ ನೆನಪಾಯಿತು. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅವರ ತೆಳುವಾದ ಕಂಠ ದಪ್ಪನಾಗಿ ತಗ್ಗಿಗೆ ಇಳಿಯಿತು. ಅದೇ ತುಂಬುಗಂಠದಿಂದ ಅವರು ದಶಕಗಳ ಕಾಲ ಕೇಳುಗರನ್ನು ಆಳಿದರು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಅವರಿಗೆ 1960ರ ದಶಕದಲ್ಲಿ ಬಲಗೈಯ ಕಡೆಯ ಎರಡು ಬೆರಳುಗಳು ಒಳಕ್ಕೆ ಮುರುಟಿಕೊಂಡವು. ಅವರು ಎಡಗೈಗೆಂದೇ ರಚಿತವಾದ ಕೃತಿಗಳನ್ನು ನುಡಿಸಿದರು, ವಾದ್ಯವೃಂದಗಳನ್ನು ನಿರ್ದೇಶಿಸಿದರು, ಪಾಠ ಹೇಳಿದರು. ಎರಡೂ ಕೈಗಳಿಂದ ನುಡಿಸುವಂತಾದದ್ದು 1990ರ ದಶಕದಲ್ಲಿ. ಇವರ ಹೆಸರುಗಳನ್ನು ನಾನು ಹೇಳಿದಾಗ ವಿದುಷಿಯವರು ಬಹಳ ಹೊತ್ತು ಫ್ಲೈಷರ್ ಅವರ ಬಗ್ಗೆಯೇ ಕೇಳಿದರು. ನೋವಿತ್ತೇ, ಎಷ್ಟು ಹೊತ್ತು ಸಾಧಕ, ಅಂದರೆ ಅಭ್ಯಾಸ, ಮಾಡುತ್ತಿದ್ದರು, ಮೊದಲು ಯಾರಿಗೆ ಹೇಳಿದರು? ಸಂದರ್ಶಕನಾದ ನನಗೆ ಹೊಳೆಯದ ಪ್ರಶ್ನೆಗಳವು, ತಮ್ಮ ಬೆರಳಿನಿಂದ ಎದ್ದ ಪ್ರಶ್ನೆಗಳು.

ಒಂದೇ ಬಗೆಯ ದುಡಿಮೆ ಮಾಡುವವರು ಒಬ್ಬರನ್ನೊಬ್ಬರು ಕೇಳಿದಾಗ ಮಾತು ಬೇರೆಯೇ ಆಳಕ್ಕೆ ಇಳಿಯುತ್ತದೆ. 1962ರಲ್ಲಿ ಫ್ರೆಂಚ್ ಚಲನಚಿತ್ರ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಅವರು ತಮ್ಮಂತೆಯೇ ನಿರ್ದೇಶಕರಾದ ಆಲ್ಫ್ರೆಡ್ ಹಿಚ್‌ಕಾಕ್ ಅವರೊಡನೆ ದಿನಗಟ್ಟಲೆ ಕುಳಿತು ಮಾತನಾಡಿದರು, ನಡುವೆ ದುಭಾಷಿಯಾಗಿ ಹೆಲೆನ್ ಸ್ಕಾಟ್ ಇದ್ದರು. ಕ್ಯಾಮೆರಾ ಎಲ್ಲಿತ್ತು, ಈ ದೃಶ್ಯವನ್ನು ಏಕೆ ಹೀಗೆ ಕತ್ತರಿಸಿದಿರಿ ಎಂದು ಒಂದೊಂದೇ ಚಿತ್ರವನ್ನು ಹಿಡಿದು ಕೇಳಿದ ಆ ಮಾತುಕತೆ, ಹಿಚ್‌ಕಾಕ್ ಅವರನ್ನು ಬರಿಯ ರಂಜಕರೆಂದು ಎಣಿಸಿದ್ದವರು ಅವರನ್ನು ಹೊಸದಾಗಿ ನೋಡುವಂತೆ ಮಾಡಿತು. ಅಂದು ಸಂಜೆಯ ಹೊತ್ತಿಗೆ ವಿದುಷಿಯವರ ಹಳೆಯ ಸ್ನೇಹಿತರೊಬ್ಬರು, ಪುಸ್ತಕಗಳಿಗೆ ಮುಖಪುಟ ಬರೆಯುವ ಚಿತ್ರಕಾರರು, ಬಂದು ಜೊತೆಗೆ ಕುಳಿತಾಗ ನನಗೂ ಅಂತಹುದೇ ಭಾಗ್ಯ ಒದಗಿತು. ನಾನು ಪ್ರಶ್ನೆಗಳನ್ನು ಬದಿಗಿಟ್ಟೆ.

"ಅಕ್ಕ, ಬೇಡ ಅಂದ ಕಚೇರಿ ಯಾವುದು?" ಎಂದು ಚಿತ್ರಕಾರರು ಕೇಳಿದರು. ವಿದುಷಿಯವರು ಒಂದು ಕ್ಷಣವೂ ತಡೆಯಲಿಲ್ಲ. ಹೆಸರಾಂತ ಗಾಯಕರೊಬ್ಬರು ತಮ್ಮ ಎಲ್ಲ ಕಚೇರಿಗಳಿಗೂ ಅವರನ್ನೇ ಕರೆಯುವುದಾಗಿ, ಆದರೆ ಬೇರೆಯವರಿಗೆ ನುಡಿಸಬಾರದೆಂದು ಹೇಳಿದ್ದರಂತೆ. ಆದಾಯ ನಿಶ್ಚಿತವಾಗುತ್ತಿತ್ತು, ಹೆಸರೂ ಬರುತ್ತಿತ್ತು, ಬೇಡವೆಂದರು. "ಒಬ್ಬರಿಗೇ ನುಡಿಸಿದ್ದರೆ ಒಂದೇ ಪಿಟೀಲು ಸಾಕಾಗುತ್ತಿತ್ತು ಕಣಪ್ಪ" ಎಂದು ಹೇಳಿ, "ನೀನು ಏನು ಬಿಟ್ಟೆ ಹೇಳು" ಎಂದರು. ಚೆನ್ನಾಗಿ ಮಾರಾಟವಾದ ಒಂದು ಮುಖಪುಟದಂತೆಯೇ ಬೇಕೆಂದು ಪ್ರಕಾಶಕರು ಮತ್ತೆ ಮತ್ತೆ ಕೇಳತೊಡಗಿದಾಗ ಆ ಬಗೆಯ ಕುಂಚವನ್ನೇ ಕೆಲಕಾಲ ಮುಟ್ಟದಿದ್ದುದಾಗಿ ಚಿತ್ರಕಾರರು ಹೇಳಿದರು. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಅವರು 1964ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಸಭೆಗಳಲ್ಲಿ ನುಡಿಸುವುದನ್ನೇ ನಿಲ್ಲಿಸಿ ಧ್ವನಿಮುದ್ರಣಕ್ಕೆ ತಮ್ಮನ್ನು ಕೊಟ್ಟುಕೊಂಡದ್ದು ಲೋಕಕ್ಕೆ ತಿಳಿದಿದೆ. ಸದ್ದಿಲ್ಲದೆ ನಡೆದ ಇಂತಹ ನಿರಾಕರಣೆಗಳು ಪ್ರತಿಯೊಬ್ಬ ಕಲಾವಿದರ ಬದುಕಿನಲ್ಲಿಯೂ ಇರುತ್ತವೆ, ಯಾರೂ ಕೇಳಿರುವುದಿಲ್ಲ.

ಹೊಟ್ಟೆಪಾಡಿನ ಕೆಲಸಗಳ ಮಾತೂ ಬಂದಿತು. ವಿದುಷಿಯವರು ನೃತ್ಯ ಕಾರ್ಯಕ್ರಮಗಳಿಗೆ ವರ್ಷಗಟ್ಟಲೆ ನುಡಿಸಿದ್ದರು. ಚಿತ್ರಕಾರರು ಪಠ್ಯಪುಸ್ತಕಗಳಿಗೆ ಎಲೆಯ ಸೀಳುನೋಟ, ಹೃದಯದ ಕವಾಟ, ನದಿಗಳ ನಕ್ಷೆ ಬರೆದಿದ್ದರು. ಪರಿಚಯ ಬರಹಗಳಲ್ಲಿ ಇವು ಒಂದು ಸಾಲಾಗಿಯೂ ಕಾಣುವುದಿಲ್ಲ. ಆದರೆ ನರ್ತಕಿಯ ಪಾದವನ್ನು ನೋಡಿ ಎಣಿಕೆಯನ್ನು ಹಿಡಿಯಲು ಕಲಿತದ್ದರಿಂದಲೇ, ಆ ಕ್ಷಣದಲ್ಲಿಯೇ ಸ್ವರಗಳನ್ನು ಹೆಣೆಯುವ ಸ್ವರಕಲ್ಪನೆಯಲ್ಲಿ ತಮಗೆ ಧೈರ್ಯ ಬಂದಿತೆಂದು ಅವರು ಹೇಳಿದರೆ, ಮುಖಪುಟದಲ್ಲಿ ಎಲ್ಲಿ ರೇಖೆಯನ್ನು ನಿಲ್ಲಿಸಬೇಕೆಂಬುದನ್ನು ನಕ್ಷೆಗಳೇ ಕಲಿಸಿದವೆಂದು ಇವರು ಹೇಳಿದರು. ಕಲಾವಿದರ ವೃತ್ತಿಜೀವನವನ್ನು ಬರೆಯುವವರು ಈ ದುಡಿಮೆಯನ್ನು ಬಿಟ್ಟುಬಿಡುವುದು ಅನ್ಯಾಯವೆಂದು ನನಗೆ ಅನಿಸುತ್ತದೆ. ಓದುವ ಎಳೆಯರು ಆಗ ತಮ್ಮ ಹೊಟ್ಟೆಪಾಡಿನ ಕೆಲಸವನ್ನು ಸೋಲೆಂದೇ ಎಣಿಸುತ್ತಾರೆ.

ಮಾತುಕತೆಯನ್ನು ಬರಹಕ್ಕಿಳಿಸಿ ಇಬ್ಬರಿಗೂ ಕಳುಹಿಸಿದೆ. ಪ್ರಕಟಣೆಗೆ ಮೊದಲು ಹೀಗೆ ತೋರಿಸುವುದು ನನ್ನ ಪದ್ಧತಿ. ವಿದುಷಿಯವರು ಸಿದ್ಧಕಥೆಯ ಭಾಗವನ್ನು ಅರ್ಧದಷ್ಟು ತೆಗೆಸಿದರು. ಬೆರಳಿನ ಸಂಗತಿ ಇರಬಹುದೇ ಎಂದು ನಾನು ಬೇರೆಯಾಗಿ ಕೇಳಿದ್ದೆ. ಇರಲಿ ಎಂದದ್ದಲ್ಲದೆ, ಅಂಚಿನಲ್ಲಿ ತಮ್ಮ ಕೈಯಿಂದಲೇ ಒಂದು ಮಾತು ಸೇರಿಸಿದ್ದರು: ಬೆರಳು ತಡವಾಗಿ ಬರತೊಡಗಿದರೆ ಹಟ ಹಿಡಿದು ಸಾಧಕವನ್ನು ಹೆಚ್ಚಿಸಬೇಡಿ, ಅದನ್ನು ನಿಲ್ಲಿಸಿ, ಮುಚ್ಚಿಡದೆ ಗುರುಗಳಿಗೂ ನರರೋಗ ತಜ್ಞರಿಗೂ ಅದೇ ವಾರ ತೋರಿಸಿ. ಆ ಮಾತನ್ನು ಅವರು ಬರೆದಂತೆಯೇ ಬೆರಳಿನ ಪ್ರಸಂಗದ ಕೆಳಗೆ ಅಚ್ಚು ಮಾಡಿಸಿದೆ.